ಉಳಿ ತಾಕಿದ ಗುಂಡುಕಲ್ಲು

ಅಕ್ಕ ನನ್ನನ್ನು ಕೇಳಿದ್ದು ಒಂದೇ ಒಂದು ಕಲ್ಲು. ಅದನ್ನು ತರಲು ನಾನು ಹೊಳೆಗೆ ಹೋಗಲಿಲ್ಲ. ಚಿನ್ನ ಕೇಳಿದ್ದರೆ ಬಡತನದ ನೆಪ ಹೇಳಬಹುದಿತ್ತು. ಕಣ್ಣು ಬಿಟ್ಟ ಕಡೆಯೆಲ್ಲ ಕಲ್ಲೇ ಕಾಣುವ ಮಧುಗಿರಿ ಸೀಮೆಯವನು ಕಲ್ಲಿಗೆ ಏನು ನೆಪ ಹೇಳಿಯಾನು?

ಆದರೆ ಅವಳು ಕೇಳಿದ್ದು ಅಂಥಿಂಥ ಕಲ್ಲಲ್ಲ. ನಮ್ಮ ಮನೆತನದಲ್ಲಿ ಕೂಸನ್ನು ಮೊದಲ ಸಲ ತೊಟ್ಟಿಲಿಗೆ ಹಾಕುವ ದಿನ, ಕೂಸಿಗಿಂತ ಮುಂಚೆ ಒಂದು ಗುಂಡುಕಲ್ಲನ್ನು ಮಲಗಿಸುತ್ತಾರೆ. ಅದಕ್ಕೆ ಎಣ್ಣೆ ಹಚ್ಚಿ, ನೀರೆರೆದು, ಕುಲಾವಿ ಹಾಕಿ ಜೋಗುಳ ಹಾಡುತ್ತಾರೆ. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಿರಲಿ ಎಂದು ಹರಸುತ್ತಾರೆ. ಆ ಕಲ್ಲನ್ನು ತವರಿನ ಹೊಳೆಯಿಂದ ಸೋದರಮಾವನೇ ಆರಿಸಿ ತರಬೇಕು. ನೀರೇ ಅದನ್ನು ಉರುಟು ಮಾಡಿರಬೇಕು. ಉಳಿ ತಾಕಿದ ಕಲ್ಲು ತೊಟ್ಟಿಲಿಗೆ ಆಗದು. ಅಕ್ಕನನ್ನು ಕೊಟ್ಟದ್ದು ಪಾವಗಡದ ಆಚೆ, ವೈ.ಎನ್. ಹೊಸಕೋಟೆಗೆ. ಬಹಳ ವರ್ಷ ಕಾದ ಮೇಲೆ ಅವಳಿಗೆ ಹುಟ್ಟಿದ ಹೆಣ್ಣುಕೂಸಿಗೆ ಬೇಕಾಗಿತ್ತು ಆ ಕಲ್ಲು.

ಆಗ ನಮ್ಮೂರಲ್ಲಿ ಬಯಲಾಟದ ತಾಲೀಮು ನಡೆಯುತ್ತಿತ್ತು. ನನ್ನದು ಬಾಗಿಲು ಕಾಯುವವನ ವೇಷ. 'ಮಹಾರಾಜರು ದಯಮಾಡಿಸುತ್ತಿದ್ದಾರೆ' ಅನ್ನುವುದೊಂದೇ ನನ್ನ ಮಾತು. ನಾನಿಲ್ಲದಿದ್ದರೆ ಮಹಾರಾಜರು ಬರುವುದೇ ಇಲ್ಲವೆಂದು ನಂಬಿದ್ದೆ. ಜಯಮಂಗಲಿ ಹೊಳೆಗೆ ಹೋಗಿ ಬರಲು ಇಡೀ ದಿನ ಬೇಕು, ಸಂಜೆಯ ತಾಲೀಮು ತಪ್ಪುತ್ತದೆ. ಹಾಗಾಗಿ ಗುಡ್ಡದ ಬುಡದಲ್ಲಿ ಒಂದು ಒಡಕು ಕಲ್ಲನ್ನು ಆರಿಸಿ, ಉಳಿಯಿಂದ ಅದರ ಮೂಲೆಗಳನ್ನು ಹಾರಿಸಿ, ಮರಳು ನೀರು ಹಾಕಿ ಬಂಡೆಗೆ ಉಜ್ಜಿದೆ. ಸಂಜೆಗೆ ಗುಂಡಗಾಯಿತು. ಹೊಳೆಗೆ ಎಷ್ಟೋ ತಲೆಮಾರು ಹಿಡಿಯುವ ಕೆಲಸವನ್ನು ತಾಲೀಮಿನ ಹೊತ್ತಿಗೆ ಮುಗಿಸಿದೆನಲ್ಲ ಎಂದು ಬೀಗಿದ್ದೂ ಉಂಟು.

ಉಜ್ಜುತ್ತಿರುವಾಗ ಹತ್ತಿಕೊಂಡ ಒಂದು ಯೋಚನೆ ಇನ್ನೂ ನನ್ನನ್ನು ಬಿಟ್ಟಿಲ್ಲ. ಮನುಷ್ಯ ಕಟ್ಟಿದ ಮನೆ, ಪೆಟ್ಟಿಗೆ, ಗದ್ದೆಯ ಬದು ಎಲ್ಲಕ್ಕೂ ಮೂಲೆ ಇದೆ. ತಾನಾಗಿ ಆದದ್ದೆಲ್ಲ ಯಾಕೆ ಗುಂಡಗೆ? ಓದಿದ್ದು ಮೂರೇ ತರಗತಿ. ಭೂಮಿ ಗುಂಡಗಿದೆ ಎಂದ ಮೇಷ್ಟ್ರನ್ನು ಯಾಕೆ ಎಂದು ಕೇಳಿದ್ದಕ್ಕೆ, ಅವರು ತಲೆಗೆ ಕುಟ್ಟಿ ಅಲ್ಲೂ ಒಂದು ಗುಂಡು ಎಬ್ಬಿಸಿದರು. ಆಮೇಲೆ ನಾನೇ ಯೋಚಿಸಿಕೊಂಡೆ. ಕಲ್ಲಿನ ಚಪ್ಪಟೆ ಮುಖಕ್ಕೆ ಏಟು ಬೀಳುವುದು ಒಂದು ಕಡೆಯಿಂದ, ಮೂಲೆಗೆ ಮೂರು ಕಡೆಯಿಂದ. ನೀರಾಗಲಿ, ಬಿಸಿಲಾಗಲಿ, ಪಕ್ಕದ ಕಲ್ಲಾಗಲಿ ಮೊದಲು ತಿನ್ನುವುದು ಮೂಲೆಯನ್ನೇ. ಕೆಸುವಿನ ಎಲೆಯ ಮೇಲಿನ ಹನಿಗಾದರೆ ಯಾರೂ ಹೊಡೆಯುವುದಿಲ್ಲ. ಕಂಬಳಿ ಸಾಲದವನು ಚಳಿಗೆ ಮೊಣಕಾಲನ್ನು ಎದೆಗೆಳೆದುಕೊಂಡು ಮುದುಡುವ ಹಾಗೆ, ಅದು ಇದ್ದಷ್ಟೇ ಹೊದಿಕೆಯಲ್ಲಿ ತನ್ನನ್ನೆಲ್ಲ ಹಿಡಿಸಿಕೊಳ್ಳುತ್ತದೆ. ಕುರಿಹಿಕ್ಕೆ ಯಾಕೆ ಗುಂಡಗೆ ಅನ್ನುವುದು ಮಾತ್ರ ಕುರಿಗೇ ಗೊತ್ತು.

ತೊಟ್ಟಿಲಿಗೆ ಹಾಕುವ ದಿನ ಅಕ್ಕನ ಗಂಡನ ಮನೆಯಲ್ಲಿ ಹೆಂಗಸರೆಲ್ಲ ಸೇರಿದ್ದರು. ಅಕ್ಕ ಕಲ್ಲಿಗೆ ಎಣ್ಣೆ ಹಚ್ಚಿದಳು. ಒಣಗಿದ್ದಾಗ ಕಾಣದ ಉಳಿಯ ಗೆರೆಗಳು ಎಣ್ಣೆ ಬಿದ್ದೊಡನೆ ಒಂದೊಂದಾಗಿ ಎದ್ದು ಕಂಡವು. ಅವಳ ಅತ್ತೆ ಬಗ್ಗಿ ನೋಡಿ ಅಕ್ಕನನ್ನು ಕೇಳಿದರು:

"ಏಮಮ್ಮಾ ನಂಜಮ್ಮಾ, ನಿಮ್ಮೂರ ಹೊಳೇಲಿ ನೀರಿಗೆ ಬದ್ಲು ಉಳಿ ಹರೀತದಾ?"

ಎಲ್ಲರೂ ನಕ್ಕರು. ಅಷ್ಟಕ್ಕೆ ನಾನೂ ನಕ್ಕು ತಪ್ಪೊಪ್ಪಿಕೊಂಡಿದ್ದರೆ ಮುಗಿದುಹೋಗುತ್ತಿತ್ತು. ನನ್ನ ಬಾಯಿಂದ ಬಂದದ್ದೇ ಬೇರೆ: "ಅಕ್ಕನೇ ಹೇಳ್ಕಳ್ಸಿದ್ಲು, ಹೊಳೆಗೀಳೆ ಯಾಕೆ, ಯಾವ್ದಾದ್ರೂ ಒಂದು ತತ್ತಾ ಅಂತ."

ನಗು ನಿಂತುಹೋಯಿತು. "ಹೆತ್ತೋಳಿಗೇ ಕೂಸಿನ ಮೇಲೆ ಇಷ್ಟೇನಾ ಅಕ್ಕರೆ?" ಎಂದರು ಅತ್ತೆ. ಅಕ್ಕ ಒಮ್ಮೆ ನನ್ನ ಮುಖ ನೋಡಿದಳು. ಆಮೇಲೆ ತಲೆ ತಗ್ಗಿಸಿ, "ಹೂಂ, ನಾನೇ ಹೇಳಿದ್ದು" ಎಂದುಬಿಟ್ಟಳು.

ಕೂಸಿಗೇನೂ ಆಗಲಿಲ್ಲ. ಈಗ ಅವಳು ಆಡು ಅಟ್ಟಿಸಿಕೊಂಡು ಓಡುವ ಗಟ್ಟಿ ಹುಡುಗಿ. ಆದರೆ ಆ ಮಾತು ಮಾತ್ರ ಆ ಮನೆಯಲ್ಲೇ ಉಳಿದುಬಿಟ್ಟಿತು. ಹುಡುಗಿಗೆ ಜ್ವರ ಬಂದರೂ, ಬಿದ್ದು ಮಂಡಿ ತರಚಿಕೊಂಡರೂ, "ತಾಯಿಗೇ ಬ್ಯಾಡದ ಕೂಸು" ಎಂದು ಅತ್ತೆ ಅಕ್ಕನನ್ನು ಚುಚ್ಚುತ್ತಾರಂತೆ. ಕಡಲೆಕಾಯಿ ಗಾಡಿ ಹೊಡೆದುಕೊಂಡು ಬಂದ ಆ ಊರಿನವನೊಬ್ಬ ಇದನ್ನು ನಗುನಗುತ್ತಾ ಹೇಳಿದ. ಅಲ್ಲಿಯವರೆಗೂ ಸುಗ್ಗಿ, ಬಿತ್ತನೆ, ನೆಗಡಿ ಎಂದು ನೆಪ ಹೇಳಿಕೊಂಡು ಅಕ್ಕನ ಊರಿನ ದಾರಿಯನ್ನೇ ತುಳಿದಿರಲಿಲ್ಲ. ದಡದ ಮೇಲೆ ಉಳಿದ ಕಲ್ಲಿನ ಮೂಲೆ ಹೋಗುವುದಿಲ್ಲ. ನಾಲ್ಕು ಕಲ್ಲುಗಳ ನಡುವೆ ಬಿದ್ದು ಏಟು ತಿನ್ನಲೇಬೇಕು. ಹೋಗುವುದೇ ಸರಿ ಎಂದು ನಿಶ್ಚಯಿಸಿದೆ.

ಮೊದಲು ಹೊಳೆಗೆ ಹೋಗಿ ಒಂದು ಒಳ್ಳೆಯ ಕಲ್ಲು ತಂದುಕೊಡೋಣ ಅನ್ನಿಸಿತು. ಆದರೆ ನನ್ನ ಬುದ್ಧಿ ನನಗೆ ಗೊತ್ತು. ಕೈಯಲ್ಲಿ ಕಲ್ಲಿದ್ದರೆ ಅದನ್ನು ಕೊಟ್ಟು, ಬಾಯಿ ಮುಚ್ಚಿಕೊಂಡು ವಾಪಸು ಬರುವವನು ನಾನು. ಅದಕ್ಕೇ ಬರಿಗೈಯಲ್ಲಿ ಹೊರಟೆ. ಯುದ್ಧದ ಕಾಲ, ಪೆಟ್ರೋಲಿಗೆ ಬರ. ಇದ್ದಿಲಿನಿಂದ ಓಡುವ ಬಸ್ಸು ಪ್ರತಿ ಏರಿನಲ್ಲೂ ನಿಂತುಬಿಡುತ್ತಿತ್ತು. ವಾಪಸು ಹೋಗು ಅನ್ನುತ್ತಿದೆಯೇನೋ ಅನ್ನಿಸಿದಾಗಲೆಲ್ಲ ಇಳಿದು, ಎಲ್ಲರಿಗಿಂತ ಜೋರಾಗಿ ತಳ್ಳಿದೆ.

ಅತ್ತೆ ಜಗಲಿಯ ಮೇಲೆ ಅಕ್ಕಪಕ್ಕದ ಹೆಂಗಸರೊಡನೆ ಕಡಲೆಕಾಯಿ ಸುಲಿಯುತ್ತಿದ್ದರು. ಅಕ್ಕ ಒಳಗಿನಿಂದ ಓಡಿಬಂದಳು.

"ಲೇ ಈರಣ್ಣ! ಈಗ ದಾರಿ ಗೊತ್ತಾಯ್ತೇನ್ಲಾ? ಬಾ, ಕೈಕಾಲು ತೊಳ್ಕ. ಮುದ್ದೆ ಬಿಸಿ ಐತೆ."

"ಉಂಡ್ರೆ ಮರ್ತುಬುಡ್ತೀನಿ ಕಣಕ್ಕಾ. ಮೊದ್ಲು ಒಂದು ಮಾತು ಹೇಳ್ಬೇಕು."

ಅವಳಿಗೆ ತಿಳಿದುಹೋಯಿತು. "ಬುಡ್ಲಾ, ಅದ್ಯಾಕೀಗ" ಎಂದು ನನ್ನ ತೋಳು ಹಿಡಿದು ಒಳಗೆಳೆದಳು. ನಾನು ಹೊಸಿಲು ದಾಟಲಿಲ್ಲ. ದಾರಿಯುದ್ದಕ್ಕೂ ಉಜ್ಜಿ ಉಜ್ಜಿ ನುಣುಪು ಮಾಡಿಕೊಂಡ ಮಾತುಗಳು ಬೇಕಾದಷ್ಟಿದ್ದವು. ಯಾರಿಗೂ ಚುಚ್ಚದ, ನನಗಂತೂ ಒಂದಿಷ್ಟೂ ಚುಚ್ಚದ ಮಾತುಗಳು. ಲೋಕದಲ್ಲಿ ಎಲ್ಲವೂ ಗುಂಡಗಾಗಲಿ, ಈ ಒಂದು ಮಾತಿಗಾದರೂ ಮೂಲೆ ಇರಲಿ ಎಂದುಕೊಂಡೆ. ಜಗಲಿಯ ಕಡೆ ತಿರುಗಿ, ಅಲ್ಲಿದ್ದ ಎಲ್ಲರಿಗೂ ಕೇಳುವಂತೆ ಹೇಳಿದೆ:

"ಅತ್ತೆಮ್ಮ, ಆವತ್ತು ಅಕ್ಕ ಅಂಗೆ ಹೇಳೇ ಇರ್ಲಿಲ್ಲ. ಹೊಳೆಗೆ ಹೋಗ್ದೆ ಇದ್ದೋನೂ ನಾನೇ, ಸುಳ್ಳೇಳಿದೋನೂ ನಾನೇ. ಅಕ್ಕಾ, ನನ್ ತಪ್ಪ ನಿನ್ ತಲೆಗೆ ಕಟ್ಬುಟ್ಟೆ. ತಪ್ಪಾಯ್ತು ಕಣಕ್ಕಾ."