ಪಾರ್ಸಲ್ ಕಟ್ಟುವ ಶೆಟ್ಟೆಪ್ಪ
ಗೋಕಾಕದ ಬಸ್ ನಿಲ್ದಾಣದ ಬಾಜೂ ಪಾರ್ಸಲ್ ಕಟ್ಟಿಕೊಡುವ ಶೆಟ್ಟೆಪ್ಪನ ಎದುರು ಅವಸರ ಮಾಡಿದಿರೋ, ಕೆಟ್ಟಿರಿ. "ಒಡದ ಮ್ಯಾಲ ನನ್ನ ಹೆಸರ ಹೇಳಾವ್ರು ನೀವ! ಕುಂದರ್ರಿ ಸುಮ್ನ!" ಎಂದು ಗದರುತ್ತಾನೆ. ಬಳೆಗೆ ಭತ್ತದ ಹೊಟ್ಟು, ಗಾಜಿಗೆ ಗುಳ್ಳೆ ಪ್ಲಾಸ್ಟಿಕ್ಕು, ಮಣ್ಣಿನ ಗೊಂಬೆಗೆ ಜೋಳದ ಒಣದಂಟಿನ ಕಣಕಿ. ರಟ್ಟಿನ ಡಬ್ಬಿಯ ಮೂಲೆ ಹಿಸುಕಿ, ಮೆತ್ತಗಿದ್ದರೆ ರಸ್ತೆಗೇ ಎಸೆಯುತ್ತಾನೆ. ಆಮೇಲೆ ಸಾಮಾನನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದನೆಂದರೆ ನೋಡುವವರ ಮೈ ಜುಮ್ಮೆನ್ನುತ್ತದೆ. ಕೂತಲ್ಲೇ ಲಾರಿಯೊಳಗಿನ ಸಾಮಾನಿನಂತೆ ಕುಲುಕಾಡುತ್ತಾನೆ. "ಹುಕ್ಕೇರಿ ತಗ್ಗು ಬಂತ್ರಿ, ಎಡಕಿನ ಪಕ್ಕೆಲಬ ನೊಂದ್ತು," ಎಂದು ನರಳಿ, ತನಗೆ ನೊಂದ ಕಡೆಯೇ ಡಬ್ಬಿಗೆ ಇನ್ನಷ್ಟು ಕಣಕಿ ತುರುಕುತ್ತಾನೆ. ಅವನು ಕಟ್ಟಿದ್ದು ಈವರೆಗೆ ಒಡೆದಿಲ್ಲ. ಮೊನ್ನೆ ಕುಲಗೋಡದ ಪಾರವ್ವ, ಪುಣೆಯಲ್ಲಿರುವ ಬಸುರಿ ಮಗಳ ಕುಬಸದ ಕಾರ್ಯಕ್ಕೆ ಅಪ್ಪನೂ ಇರಲೆಂದು, ತೀರಿಹೋದ ಗಂಡನ ಗಾಜು ಹಾಕಿದ ಫೋಟೋವನ್ನು ಸೀರೆಯಲ್ಲಿ ಸುತ್ತಿ ತಂದಳು. ಮನೆಯಲ್ಲಿ ಅವನದು ಇದ್ದದ್ದು ಅದೊಂದೇ ಫೋಟೋ. ಆದರೆ "ಗಾಜಿನ ಸಾಮಾನೈತ್ರಿ ಅಣ್ಣಾ, ಹುಷಾರು," ಎಂದಷ್ಟೇ ಹೇಳಿದಳು. ಶೆಟ್ಟೆಪ್ಪ ಗಂಟನ್ನು ತೊಡೆಯ ಮೇಲಿಟ್ಟುಕೊಂಡ. ಈ ಸಲ ಮೈ ಕುಲುಕಲಿಲ್ಲ. ಕುತ್ತಿಗೆಯ ನರ ಉಬ್ಬಿ, ಬಾಯಿ ತೆರೆದು ಗಾಳಿಗಾಗಿ ಒದ್ದಾಡಿದ. ಬೆವರೊರೆಸಿಕೊಂಡು, ಗಂಟು ಬಿಚ್ಚದೆಯೇ ಡಬ್ಬಿಯಲ್ಲಿಟ್ಟು, ದಬ್ಬಣದಿಂದ ರಟ್ಟಿಗೆ ತೂತು ಹಾಕತೊಡಗಿದ. "ಗಾಜಿಗ್ಯಾಕ್ರಿ ತೂತು?" ಎಂದಳು ಪಾರವ್ವ. "ಒಳಗಿದ್ದಾವ್ರಿಗೆ ಉಸರಾಡಾಕ ಬೇಕಲ್ಲಬೇ ಯವ್ವಾ," ಎಂದ. ಅವಳ ಗಂಡ ಹಾಳುಬಾವಿಗಿಳಿದು, ಗಾಳಿಯಿಲ್ಲದೆ ಉಸಿರುಗಟ್ಟಿ ಸತ್ತಿದ್ದ. ಅದನ್ನು ಅವಳು ಇವನಿಗೆ ಹೇಳಿರಲಿಲ್ಲ. ಪಾರವ್ವ ಒಂದು ತೂತಿಗೆ ಅಂಗೈ ಹಿಡಿದು ನೋಡಿದಳು. ಆಮೇಲೆ ಮೆಲ್ಲಗೆ, "ಇನ್ನೊಂದ ನಾಕ ತೂತು ಹಾಕ್ರಿ ಅಣ್ಣಾ, ಪುಣೆ ದೂರ ಐತಿ," ಎಂದಳು.