ತೋಳ ಕಚ್ಚಿದ ಚಂದ್ರ

ಅಮಸಿದ್ದಪ್ಪನಿಗೆ ಅರವತ್ತೆರಡು ವರ್ಷ. ಅದರಲ್ಲಿ ಐವತ್ತು ವರ್ಷ ಕುರಿಗಳ ಹಿಂದೆಯೇ ಕಳೆದವು. ಹುನಗುಂದದಿಂದ ಐಹೊಳೆಯವರೆಗೆ ಯಾವ ಬದುವಿನ ಮೇಲೆ ಯಾವ ಹುಲ್ಲು ಹುಟ್ಟುತ್ತದೆ ಎಂಬುದು ಹೊಲದ ಮಾಲೀಕರಿಗಿಂತ ಅವನಿಗೇ ಚೆನ್ನಾಗಿ ಗೊತ್ತು. ಕುರಿಗಳಿಗೆ ಬಾಯಿತುಂಬ ಬೈಯುವವನು ಮನುಷ್ಯರೆದುರು ಮಾತ್ರ ಕಂಬಳಿ ಸರಿಮಾಡಿಕೊಂಡು ಸುಮ್ಮನೆ ನಿಂತುಬಿಡುತ್ತಿದ್ದ. ಊರವರು ಅದನ್ನು ದೊಡ್ಡತನ ಎಂದುಕೊಂಡರು. ಅದು ಬರೀ ಅಂಜುಬುರುಕುತನ, ಅಷ್ಟೇ.

ಹೋದ ಬೇಸಿಗೆಯಲ್ಲಿ ದೇವಪ್ಪ ತನ್ನ ಖಾಲಿ ಹೊಲದಲ್ಲಿ ಕುರಿ ನಿಲ್ಲಿಸಲು ಅವನನ್ನು ಕರೆದಿದ್ದ. ಬಲೆಯನ್ನು ದುಂಡಗೆ ಕಟ್ಟಿ ರಾತ್ರಿಯೆಲ್ಲ ಹಿಂಡನ್ನು ಒಳಗೆ ಕೂಡಿದರೆ, ಹಿಕ್ಕೆ ಉಚ್ಚೆ ನೆಲಕ್ಕಿಳಿದು ಮುಂದಿನ ಬೆಳೆಗೆ ಗೊಬ್ಬರವಾಗುತ್ತದೆ. ಮರುದಿನ ಬಲೆ ಕಿತ್ತು ಪಕ್ಕದಲ್ಲಿ ಕಟ್ಟುವುದು. ಮೊದಲ ರಾತ್ರಿ ಮೂರು ಮನೆಯ ಹಿಂಡು ಕೂಡಿತ್ತು, ಬಲೆ ದೊಡ್ಡದಾಗಿತ್ತು. ಎರಡನೆಯ ರಾತ್ರಿಗೆ ಒಬ್ಬರು ಹೊರಟುಹೋದರು. ಮೂರನೆಯ ರಾತ್ರಿ ಅವನದೊಂದೇ ಹಿಂಡು, ಸಣ್ಣದೊಂದು ದುಂಡು, ಕಾವಲಿಗೂ ಅವನೊಬ್ಬನೇ.

ಅವತ್ತು ಅವನಿಗೆ ನಿದ್ದೆ ಹತ್ತಿಬಿಟ್ಟಿತು. ತೋಳ ಮೂಡಣ ದಿಕ್ಕಿನ ಬಲೆ ಹಾರಿ ಬಂತು. ಕುರಿಗಳೆಲ್ಲ ಎದುರು ಬದಿಗೆ ಒತ್ತಿಕೊಂಡು ಬೆಳಗಿನವರೆಗೂ ಅಲ್ಲೇ ನಡುಗುತ್ತ ನಿಂತವು. ಮೂಡಣ ಬದಿಯ ಅಷ್ಟು ಜಾಗದಲ್ಲಿ ಒಂದು ಹಿಕ್ಕೆಯೂ ಬೀಳಲಿಲ್ಲ. ತೋಳ ಒಯ್ದದ್ದು ಒಂದೇ ಒಂದು, ಆದರೆ ಅದು ಬೀರಪ್ಪ ದೇವರ ಹರಕೆಯ ಟಗರು. ಸೊಸೆ ಸುರೇಖಾಗೆ ಮದುವೆಯಾಗಿ ಆರು ವರ್ಷವಾದರೂ ಮಕ್ಕಳಿರಲಿಲ್ಲ. ಮಡಿಲು ತುಂಬಿದರೆ ಒಪ್ಪಿಸುತ್ತೇವೆಂದು ಮನೆಯವರೆಲ್ಲ ಅದನ್ನು ಸಾಕಿದ್ದರು. ನಿದ್ದೆ ಹೋಗಿದ್ದೆ ಎಂದು ಹೇಳಲು ಅಮಸಿದ್ದಪ್ಪನಿಗೆ ಬಾಯಿ ಬರಲಿಲ್ಲ. ಬಲೆಯ ಹತ್ತಿರ ಹರಿದು ಬಿದ್ದಿದ್ದ ಅದರ ಕೊರಳ ಗಂಟೆಯನ್ನು ಅದೇ ಬಣ್ಣದ, ಅದೇ ಕೊಂಬಿನ ಇನ್ನೊಂದು ಟಗರಿಗೆ ಕಟ್ಟಿದ. ಮುಂದೆ ಎರಡು ತಿಂಗಳಿಗೆ ಸುರೇಖಾ ಬಸುರಿಯಾದಳು. ದೀಪಾವಳಿಗೆ ಆ ಬದಲಿ ಟಗರೇ ಭಂಡಾರ ಬಳಿಸಿಕೊಂಡು ಬೀರಪ್ಪನ ಗುಡಿಗೆ ಹೋಯಿತು.

ಹಿಂಗಾರಿಗೆ ದೇವಪ್ಪ ಆ ಹೊಲಕ್ಕೆ ಬಿಳಿಜೋಳ ಬಿತ್ತಿದ. ಕುರಿ ಕೂತ ಜಾಗದಲ್ಲಿ ಜೋಳ ಸೊಕ್ಕಿ ಆಳೆತ್ತರ ಮೀರಿ ಬೆಳೆಯಿತು. ಫೆಬ್ರುವರಿಯಲ್ಲಿ ಜೋರು ಗಾಳಿ ಬೀಸಿದಾಗ, ಭಾರ ತಾಳದೆ ಅಷ್ಟೇ ಜೋಳ ನೆಲಕ್ಕೆ ಮಲಗಿತು. ಉಳಿದದ್ದು ನೆಟ್ಟಗೆ ನಿಂತಿತ್ತು. ಮದುವೆಗಳ ವಿಡಿಯೋ ತೆಗೆಯುವ ರಾಹುಲ ಡ್ರೋನ್ ಹಾರಿಸಿದ್ದೇ ತಡ, ಒಂದೇ ಸಾಲಿನಲ್ಲಿ ಮೂರು ದುಂಡುಗಳು ಊರವರ ಮೊಬೈಲುಗಳಿಗೆಲ್ಲ ಬಂದವು. ದೊಡ್ಡದು, ನಡುವಿನದು, ಸಣ್ಣದು. ಸಣ್ಣದರ ಮೂಡಣ ಬದಿಯಲ್ಲಿ ಒಂದು ತುತ್ತು ಕಚ್ಚಿದಂತಿತ್ತು.

ಅರ್ಥ ಹೇಳಿದವನು ಪ್ರೇಮಕುಮಾರ, ಹೈಸ್ಕೂಲ್ ಮಾಸ್ತರ. ಪರದೇಶದ ಗೋಧಿ ಹೊಲಗಳಲ್ಲೂ ಹೀಗೇ ಬೀಳುತ್ತವೆ, ಅವು ಆಕಾಶದ ಸುದ್ದಿ ಎಂದು ಎಲ್ಲೋ ಓದಿದ್ದ.

“ದೊಡ್ಡದು ಸೂರ್ಯ, ನಡುವಿಂದು ಭೂಮಿ, ಸಣ್ಣದು ಚಂದ್ರ. ಚಂದ್ರನ್ನ ಒಂದು ಬದಿ ಕಚ್ಚೇತಿ ನೋಡ್ರಿ. ಬರೋ ಹೋಳಿ ಹುಣ್ಣಿವಿಗೆ ಗ್ರಹಣ ಐತಿ. ಯಾರೋ ನಮಗ ಮೊದಲ ತಿಳಿಸ್ಯಾರ!” ಎಂದ.

ಹೊಲದ ಬದುವಿನ ಹತ್ತಿರ ಜನ ಸೇರಿದ್ದರು. ಅಮಸಿದ್ದಪ್ಪನೂ ಹಿಂದೆ ನಿಂತಿದ್ದ. ನನ್ನ ಕುರಿ ಹಿಕ್ಕೆರೀ ಇದು ಎಂಬ ಮಾತು ನಾಲಿಗೆಯ ತುದಿಗೆ ಬಂತು. ಹಾಗಂದರೆ ಕಚ್ಚಿದ್ದು ಯಾಕೆ ಎಂದು ಕೇಳುತ್ತಾರೆ. ತೋಳ ಎನ್ನಬೇಕು. ಏನು ಒಯ್ದಿತು ಎಂದು ಕೇಳುತ್ತಾರೆ. ಅವನು ಕಂಬಳಿ ಸರಿಮಾಡಿಕೊಂಡು ಮನೆಗೆ ಬಂದ. ಉಳಿದಿಬ್ಬರು ಕುರಿಗಾರರು ಪರ ಊರಿನವರು, ದೇವಪ್ಪನೋ ಬಲೆ ಎಲ್ಲಿ, ಹೇಗೆ ಕಟ್ಟಿದ್ದರೆಂದು ಬಂದು ನೋಡಿರಲಿಲ್ಲ. ಅಲ್ಲಿದ್ದವರಲ್ಲಿ ನಿಜ ಗೊತ್ತಿದ್ದವನು ಅವನೊಬ್ಬನೇ, ಎಲ್ಲರಿಗಿಂತ ಹೆಚ್ಚು ಹೆದರಿದವನೂ ಅವನೇ. ಸರಿಯಾಗಿ ಟಗರು ಹೋದ ಜಾಗವನ್ನೇ ನೆಲ ಬಾಯಿಬಿಟ್ಟು ತೋರಿಸಿತ್ತು. ಗ್ರಹಣವೂ ಸುರೇಖಾಳ ದಿನ ತುಂಬುವ ವಾರದಲ್ಲೇ ಬಂದಿತ್ತು.

ಮುಂದಿನ ದಿನಗಳಲ್ಲಿ ಇಳಕಲ್ಲಿನಿಂದ, ಬಾದಾಮಿಯಿಂದ ಗಾಡಿ ಕಟ್ಟಿಕೊಂಡು ಜನ ಬಂದರು. ದೇವಪ್ಪ ಕೊಯ್ಲು ಮುಂದೂಡಿದ. ಬದುವಿನ ಮೇಲೆ ಕಾಯಿ ಒಡೆದರು, ಊದುಬತ್ತಿ ಹಚ್ಚಿದರು. ಗ್ರಹಣ ಏನನ್ನೋ ತಿಂದುಕೊಂಡೇ ಹೋಗುತ್ತದೆ ಎಂಬ ಮಾತನ್ನು ಯಾರು ಶುರು ಮಾಡಿದರೋ, ಎರಡು ದಿನದಲ್ಲಿ ಅದು ಎಲ್ಲರ ಮಾತಾಯಿತು. ಅಮಸಿದ್ದಪ್ಪನಿಗೆ ಅನ್ನ ಸೇರದಾಯಿತು.

“ಯಾಕ್ರಿ, ಆರಾಮ ಇಲ್ಲೇನು?” ಎಂದು ಹೆಂಡತಿ ಸೋಮವ್ವ ಕೇಳಿದಳು.

“ಬಿಸಲು ಹತ್ತೇತಿ,” ಎಂದ.

ಹೋಳಿ ಹುಣ್ಣಿಮೆಯ ದಿನ ಸುರೇಖಾಳನ್ನು ಒಳಕೋಣೆಯಲ್ಲಿ ಕೂರಿಸಿ ಕಿಟಕಿಗೆ ಕೌದಿ ಕಟ್ಟಿದ್ದರು. ಐದೂವರೆಗೆ ಬೇನೆ ಶುರುವಾಯಿತು. ಹೊತ್ತಿಗೆ ಮೊದಲೇ ನೀರು ಒಡೆದಿತ್ತು, ಅದರ ಬಣ್ಣ ಹಸಿರಾಗಿತ್ತು, ಒಳಗಿನ ಕೂಸಿಗೆ ಅಪಾಯ. ಮಗ ಹಣಮೇಶ ಓಡಿಹೋಗಿ ತನ್ನ ಮೂರು ಗಾಲಿಯ ಟಂಟಂ ತಂದ.

“ಗ್ರಹಣ ಬಿಡೂತನಕ ಹೊಸ್ತಿಲಾ ದಾಟಸಬ್ಯಾಡ್ರಿ,” ಎಂದು ಸೋಮವ್ವ ಅಡ್ಡ ನಿಂತಳು.

“ಸರಿ ಅತ್ಲಾಗ! ಹೊಂಡ್ರಿ,” ಎಂದ ಅಮಸಿದ್ದಪ್ಪ. ಅವನ ದನಿ ಅಷ್ಟು ಏರಿದ್ದನ್ನು ಮನೆಯವರು ಎಂದೂ ಕೇಳಿರಲಿಲ್ಲ.

ಊರಿನಿಂದ ಹುನಗುಂದದ ರಸ್ತೆಗೆ ಒಂದೇ ದಾರಿ, ದೇವಪ್ಪನ ಹೊಲಕ್ಕೆ ತಾಗಿಯೇ ಹೋಗುತ್ತದೆ. ಆ ದಾರಿಯ ತುಂಬ ಜನ, ಟೆಂಪೊ, ಅಡ್ಡಾದಿಡ್ಡಿ ನಿಲ್ಲಿಸಿದ ಮೋಟಾರ್ ಸೈಕಲ್ಲುಗಳು. ಎದುರಿಗೆ, ಮೂಡಣದಲ್ಲಿ, ಚಂದ್ರ ಹುಟ್ಟುತ್ತಿದ್ದ. ಅವನ ಒಂದು ಬದಿಯಲ್ಲಿ ಒಂದು ತುತ್ತು ಕಚ್ಚಿದಂತಿತ್ತು. 

ಹಣಮೇಶ ಹಾರ್ನ್ ಒತ್ತಿದ. ಯಾರೂ ಕದಲಲಿಲ್ಲ. ಒಳಗೆ ಬಸುರಿ ಇದ್ದಾಳೆಂದು ತಿಳಿದ ಹೆಂಗಸರಂತೂ “ಹೊಳ್ಳಿ ಹೋಗ್ರಿ, ಹೊಳ್ಳಿ ಹೋಗ್ರಿ” ಎಂದು ಗಾಡಿಯ ಮುಂದೆಯೇ ಬಂದು ನಿಂತರು.

ಅಮಸಿದ್ದಪ್ಪ ಇಳಿದು ಬದುವಿನ ಮೇಲೆ ಹತ್ತಿದ. “ದಾರಿ ಬಿಡ್ರೋ! ಇದು ಸಂದೇಶ ಅಲ್ಲ, ಏನೂ ಅಲ್ಲ. ಇಲ್ಲಿ ನನ್ನ ಕುರಿ ಕೂತಿದ್ವು. ಹಿಕ್ಕಿ ಬಿದ್ದಲ್ಲಿ ಜ್ವಾಳ ಬೆಳದು ಬಿದ್ದೇತಿ!”

ಪ್ರೇಮಕುಮಾರ ಹತ್ತಿರ ಬಂದು ಮೆಲ್ಲಗೆ ಹೇಳಿದ: “ಅಜ್ಜಾ, ಮೊದಲ ದಿನ ನೀನೂ ಇಲ್ಲೇ ಹಿಂದ ನಿಂತಿದ್ದಿ. ಖರೆ ಇದ್ರ ಅವತ್ತ ಹೇಳ್ತಿದ್ದಿ. ಸೊಸಿ ಸಲುವಾಗಿ ಸುಳ್ಳು ಹೇಳಬ್ಯಾಡ.”

“ಕಚ್ಚಿದ್ದು ತೋಳರೀ, ಮಾಸ್ತರ! ನಾ ಮಲಗಿದ್ದೆ. ಆ ಬದಿಂದ ಬಂದು ಬೀರಪ್ಪನ ಟಗರು ಒಯ್ದೈತಿ. ಗುಡಿಗೆ ಬಿಟ್ಟಿದ್ದು ಬ್ಯಾರೇದು.”

ಗಾಡಿಯ ಮುಂದಿದ್ದ ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು. ಇನ್ನು ದಾರಿ ಬಿಡುತ್ತಾರೆ ಎಂದುಕೊಂಡ, ಪಾಪ. ಟಂಟಂನೊಳಗಿಂದ ಸೋಮವ್ವ “ಅಯ್ಯ ನನ್ನಪ್ಪ ಬೀರಪ್ಪ” ಎಂದು ಎದೆ ಬಡಿದುಕೊಂಡದ್ದು ಕೇಳಿಸಿತು. ಆಮೇಲೆ ದೇವಪ್ಪ ಬಾಯಿಬಿಟ್ಟ.

“ಹಂಗಾರ ಇದು ಊರಿಗೆ ಬಂದದ್ದಲ್ಲೋ ಅಮಸಿದ್ದಾ. ನಿನ್ನ ಮನಿಗೇ ಬಂದದ್ದು. ಚಂದ್ರ ಬಿಡೂತನಕ ಹೆಜ್ಜಿ ಕಿತ್ತಬ್ಯಾಡ. ನಿನ್ನ ಒಳ್ಳೇದಕ್ಕ ಹೇಳತೇನಿ.”

ದ್ವೇಷದಿಂದ ಯಾರೂ ತಡೆಯಲಿಲ್ಲ. ಆ ಹೊತ್ತಿಗೆ ಅವರೆಲ್ಲರಿಗೂ ಸುರೇಖಾಳ ಮೇಲೆ ಕನಿಕರವಿತ್ತು. ಅಪ್ಪ ಮಗ ಇಬ್ಬರೂ ಕಾಲು ಹಿಡಿದರು, ಬೈದರು, ಮೋಟಾರ್ ಸೈಕಲ್ಲುಗಳನ್ನು ಎತ್ತಿ ಎತ್ತಿ ಬದಿಗೆ ಒಗೆದರು. ಚಂದ್ರ ಪೂರ್ತಿ ಬಿಡುಗಡೆಯಾದ ಮೇಲೆಯೇ ಜನ ಕಾಯಿ ಒಡೆದು, ಕೈ ಮುಗಿದು, ಒಬ್ಬೊಬ್ಬರೇ ತಮ್ಮ ಗಾಡಿ ತೆಗೆದರು. ಹುನಗುಂದದ ದವಾಖಾನೆ ಮುಟ್ಟಿದಾಗ ಎಂಟು ದಾಟಿತ್ತು.

ಗಂಡುಮಗು. ಅಳಲಿಲ್ಲ. ಒಂದು ತಾಸು ಮೊದಲು ತಂದಿದ್ದರೆ ಎಂದು ಡಾಕ್ಟರಮ್ಮ ಹೇಳತೊಡಗಿ, ಅಮಸಿದ್ದಪ್ಪನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದಳು.

ಮರುದಿನ ಊರಿನಲ್ಲಿ ಒಂದೇ ಸುದ್ದಿ. ಹೊಲ ಹೇಳಿದ್ದು ಖರೆ ಆಯಿತು. ಚಂದ್ರನ ದುಂಡಿನ ಮುಂದೆ ಪ್ರೇಮಕುಮಾರ ಅತ್ತನಂತೆ. ಸುಳ್ಳಲ್ಲ, ನಿಜವಾಗಿಯೂ ಅತ್ತ.

ಸುರೇಖಾ ತವರಿಗೆ ಹೊರಟ ದಿನ ಹೊಸ್ತಿಲಲ್ಲಿ ನಿಂತು ಮಾವನನ್ನು ಒಂದೇ ಮಾತು ಕೇಳಿದಳು.

“ಮಾವಾರ, ಆ ದುಂಡು ನಮ್ಮ ಕುರೀದು ಅಂತ ನಿಮಗ ಮೊದಲ ದಿನಾನ ಗೊತ್ತಿತ್ತೇನ್ರಿ?”

ಅಮಸಿದ್ದಪ್ಪನ ಕೈ ಕಂಬಳಿಗೆ ಹೋಯಿತು. ಅವಳು ಚೀಲ ಎತ್ತಿಕೊಂಡಳು, ಹೋದಳು.

ಈ ಬೇಸಿಗೆಯಲ್ಲೂ ಅವನು ಹೊಲಗಳಲ್ಲಿ ಕುರಿ ನಿಲ್ಲಿಸುತ್ತಾನೆ. ರಾತ್ರಿ ಮಲಗುವುದಿಲ್ಲ. ಬಲೆಯನ್ನು ಮಾತ್ರ ನಾಲ್ಕು ಗೂಟ ಹೊಡೆದು ಚೌಕವಾಗಿ ಕಟ್ಟುತ್ತಾನೆ. ಮೂಲೆಯಲ್ಲಿ ಒತ್ತಿಕೊಂಡು ಮರಿಗಳು ಸಾಯುತ್ತವೆ, ದುಂಡಗೆ ಕಟ್ಟು ಎಂದು ಉಳಿದ ಕುರಿಗಾರರು ಎಷ್ಟು ಹೇಳಿದರೂ ಕೇಳುವುದಿಲ್ಲ.