ಹಾರಿಸಿ ಓದಿದ ಹೆಸರುಗಳು

ನನಗೆ ಪದವಿ ಸಿಗುವುದು ಸಾಧ್ಯವೇ ಇಲ್ಲ ಎಂದವರು ಕೋಡಿಂಬಾಳದ ಒಂದು ರಬ್ಬರ್ ತೋಟದ ಯಜಮಾನರು. ಅಪ್ಪ ಅವರ ಮರಗಳಿಗೇ ತೊಗಟೆ ಕೆತ್ತಿ ಹಾಲು ಇಳಿಸುವ ಟ್ಯಾಪಿಂಗ್ ಮಾಡುತ್ತಿದ್ದರು. ನಮ್ಮ ಚರ್ಚಿಗೂ ಅವರೇ ಹಿರಿಯರು. ಬೈಬಲ್ ಕಲಿಯಲು ಕಾಲೇಜಿಗೆ ಸೇರುತ್ತೇನೆ ಎಂದಾಗ ಎಲ್ಲರೆದುರು ನಕ್ಕರು.

"ಟ್ಯಾಪಿಂಗಿನವನ ಮಗಳಿಗೆ ದೇವಶಾಸ್ತ್ರದ ಡಿಗ್ರಿಯಾ? ನಿನ್ನ ಅಜ್ಜನ ಅಪ್ಪ ಯಾರು, ಮೊದಲು ಅದು ಹೇಳು ಮಾರಾಯ್ತಿ."

ನನಗೆ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿಲ್ಲ. ಯಜಮಾನರ ಹಿರಿಯರು ಕೇರಳದಿಂದ ಕಾಡು ಕಡಿದು ತೋಟ ಮಾಡಲು ಬಂದಾಗ ನಮ್ಮವರು ಅವರ ಗಂಟು ಹೊತ್ತು ಬಂದವರು. ಹೊತ್ತವರ ಹೆಸರು ಯಾರು ಬರೆದಿಟ್ಟಿದ್ದಾರೆ? ಯಜಮಾನರ ಕುಟುಂಬದ ಚರಿತ್ರೆ ಮಾತ್ರ ದಪ್ಪ ರಟ್ಟಿನ ಪುಸ್ತಕವಾಗಿ ಅಚ್ಚಾಗಿದೆ. ವರ್ಷಕ್ಕೊಮ್ಮೆ ಬಂಧುಗಳೆಲ್ಲ ಸೇರಿದಾಗ ಅದನ್ನು ಒಂದು ಹೆಸರೂ ಬಿಡದೆ ಓದುತ್ತಾರೆ. ಅಮ್ಮ ಮತ್ತು ನಾನು ಅವರ ಅಡುಗೆಮನೆಯಲ್ಲಿ ನೀರುಳ್ಳಿ ಹೆಚ್ಚುತ್ತಾ ಕೇಳಿದ್ದೇವೆ. ಮನೆಮನೆಯ ಪ್ರಾರ್ಥನೆಯಲ್ಲಿ ಬೈಬಲಿನ ವಂಶಾವಳಿ ಬಂದರೆ ಅದೇ ಯಜಮಾನರು, "ಇದೆಲ್ಲ ಬರೀ ಹೆಸರು, ಬಿಡಿ, ಮುಂದಿನ ಅಧ್ಯಾಯಕ್ಕೆ ಹೋಗುವಾ" ಎನ್ನುತ್ತಿದ್ದರು.

ರಜೆಯಲ್ಲಿ ಅಡಿಕೆ ಸುಲಿದು ಓದಿದೆ. ಸಿಟ್ಟಿಗೇ ಆ ಹೆಸರುಗಳನ್ನು ಪ್ರಬಂಧದ ವಿಷಯ ಮಾಡಿಕೊಂಡೆ. ದೂರದೇಶದ ಸೆರೆಯಿಂದ ತಮ್ಮ ನಾಡಿಗೆ ಮರಳಿದ ಯೆಹೂದ್ಯರಿಗೆ ವಂಶಾವಳಿಯೇ ಪಹಣಿ. ತಾವು ಯಾವ ಊರಿನವರು, ಯಾವ ಮನೆತನದವರು ಎನ್ನಲು ಬೇರೇನೂ ಉಳಿದಿರಲಿಲ್ಲ. ಅದರಲ್ಲಿ ಹೆಸರು ಸಿಗದ ಯಾಜಕರನ್ನು ಹೊರಗಿಟ್ಟರು ಕೂಡ. ಆದರೆ ಅದೇ ಶಾಸ್ತ್ರದ ಇನ್ನೊಂದು ವಂಶಾವಳಿಯಲ್ಲಿ ಮೋವಾಬ್ ಎಂಬ ಪರನಾಡಿನ ಒಬ್ಬ ವಿಧವೆ ಇದ್ದಾಳೆ. ಅವಳ ಜನರನ್ನು ಸಭೆಗೆ ಸೇರಿಸಲೇಬಾರದು ಎಂದು ಕಟ್ಟಳೆ. ಪರರ ಹೊಲದಲ್ಲಿ ತೆನೆ ಹೆಕ್ಕಿದ ಅವಳೇ ದಾವೀದ ರಾಜನ ಮುತ್ತಜ್ಜಿ. ಹಾರಿಸಿ ಓದುವವರಿಗೆ ಅವಳು ಸಿಗುವುದಿಲ್ಲ. ಹಾರಿಸುವುದೇ ಅದಕ್ಕೆ ಎಂದು ನನಗೆ ಈಗಲೂ ಅನುಮಾನ.

ಕಳೆದ ವರ್ಷ ಪದವಿ ಬಂತು. ಆದಿತ್ಯವಾರ ಆರಾಧನೆಯ ನಂತರ ಪ್ರಮಾಣಪತ್ರವನ್ನು ಎಲ್ಲರೆದುರು ಕೊಡುವುದೆಂದಾಯಿತು. ಮೈಕ್ ಹಿಡಿದವರು ಯಜಮಾನರೇ. "ನಮ್ಮ ತೋಟದ ಹುಡುಗಿ!" ಎಂದರು. ಮೈ ಉರಿದುಹೋಯಿತು. ಅಜ್ಜನ ಅಪ್ಪ ಯಾರೆಂದು ಗೊತ್ತಿಲ್ಲದವಳಿಗೆ ಈಗ ಇವರ ತೋಟವೇ ವಂಶವೋ?

"ತೋಟದವಳಲ್ಲ. ಅಲ್ಲಿ ಕೂತಿದ್ದಾರಲ್ಲ, ಅವರ ಮಗಳು" ಎಂದೆ. ಮೈಕಿಗೂ ಕೇಳಿಸಿತು. ಪ್ರಮಾಣಪತ್ರ ತೆಗೆದುಕೊಂಡು ನೇರ ಹಿಂದಿನ ಬೆಂಚಿಗೆ ಹೋಗಿ ಅಪ್ಪನ ಕೈಗೆ ಕೊಟ್ಟೆ.

ಅಪ್ಪ ಅಕ್ಷರ ಕೂಡಿಸಿ ಕೂಡಿಸಿ ಓದಿದರು. ನನ್ನ ಹೆಸರಿನ ಕೆಳಗೆ ತಂದೆಯ ಹೆಸರು ಇತ್ತು.

"ನನ್ನದು ಉಂಟು" ಎಂದರು. ಆ ಸಾಲಿನ ಕೆಳಗೆ ಬೆರಳಾಡಿಸಿ, "ನನ್ನ ಅಪ್ಪನದ್ದೂ ಹಾಕ್ಬಹುದಿತ್ತು ಇವರಿಗೆ."